ಲಿನೆಟ್‌ಳ ಉದ್ದನೆಯ ದಿಬ್ಬ

ನ್ಯೂಮಾರ್ಕೆಟ್, ಮಂಗಳವಾರ

ಪ್ರೀತಿಯ ಚಿಕ್ಕಪ್ಪ,

ನೀನು ಸಾಕಿದ ಕುದುರೆ ಲಿನೆಟ್ ಮಲಗಿರುವ ಜಾಗಕ್ಕೆ ಇವತ್ತು ಬೆಳಿಗ್ಗೆ ಹೋಗಿದ್ದೆ. ಲಾಯದ ಹಿಂದಿನ ಹುಲ್ಲಿನಲ್ಲಿ ಹನ್ನೊಂದು ಗೋರಿಗಳಿವೆ, ಎಲ್ಲವೂ ರೇಸ್ ಗೆದ್ದು ಹೆಸರಾದ ಕುದುರೆಗಳವು. ಆದರೂ ಹತ್ತು ಗೋರಿಗಳು ಮಗುವಿನ ತೊಟ್ಟಿಲಿನಷ್ಟೇ ಇವೆ. ಇಲ್ಲಿನ ವಾಡಿಕೆಯಂತೆ ತಲೆ, ಹೃದಯ, ಗೊರಸುಗಳನ್ನು ಮಾತ್ರ ಹೂಳಿದ್ದಾರೆ. ಲಿನೆಟ್‌ಳನ್ನೂ ಹಾಗೆ ಕತ್ತರಿಸಿರಬಹುದೆಂದು ಹೆದರಿ ಮೂವತ್ತು ವರ್ಷ ನೀನು ಯಾರನ್ನೂ ಕೇಳಲಿಲ್ಲವಲ್ಲ. ಅವಳದ್ದು ಮಾತ್ರ ಉದ್ದನೆಯ ದಿಬ್ಬ ಚಿಕ್ಕಪ್ಪ. ನಡೆದು ಅಳೆದೆ, ನನ್ನ ನಾಲ್ಕು ದೊಡ್ಡ ಹೆಜ್ಜೆ.

ನಿನ್ನ ಜೊತೆ ಲಾಯ ತೊಳೆಯುತ್ತಿದ್ದ ಆಲ್ಫ್ ಇನ್ನೂ ಇಲ್ಲೇ ಇದ್ದಾನೆ. "ಯಜಮಾನ್ರು ತಲೆ ಸಾಕು ಅಂದ್ರು, ನಾವು ಆರು ಜನ ಕೇಳಲಿಲ್ಲ. ಹಗಲೆಲ್ಲ ಗುಂಡಿ ತೋಡಿದ್ವಿ," ಎಂದ. "ಸೊಂಟ ಮುರ್ಕೊಂಡು ಊರಿಗೆ ಹೋದ ನಿನ್ನ ಚಿಕ್ಕಪ್ಪ ನಾಳೆ ವಾಪಸ್ ಬಂದು, ನನ್ನ ಹುಡುಗೀದು ಉಳಿದದ್ದೆಲ್ಲಿ ಅಂತ ಕೇಳಿದ್ರೆ? ಆ ಐರಿಷ್ ಬಾಯಿಗೆ ಯಾರಮ್ಮ ಉತ್ತರ ಕೊಡೋದು? ಪುಣ್ಯಾತ್ಮ, ಬರಲೇ ಇಲ್ಲ ನೋಡು!" ನಗುತ್ತಲೇ ಟೋಪಿ ತೆಗೆದು ಕಣ್ಣೊರೆಸಿಕೊಂಡ.

ನನ್ನ ಕೆಮ್ಮು ಕಡಿಮೆಯಾಗಿದೆ. ನೀನು ರಕ್ತದೊತ್ತಡದ ಮಾತ್ರೆ ತಪ್ಪಿಸಬೇಡ. ಗುರುವಾರದ ಹಡಗಿಗೆ ಊರಿಗೆ ಹೊರಡುತ್ತೇನೆ. ಕಾರ್ಡಿನಲ್ಲಿ ಇನ್ನು ಜಾಗವಿಲ್ಲ. ಅವಳು ಇಡಿಯಾಗಿ ಮಲಗಿದ್ದಾಳೆ. ಊಟದ ಹೊತ್ತಿನಲ್ಲಿ ಅವಳ ಮಾತು ಬಂದರೆ ಇನ್ನು ಮೇಲೆ ಎದ್ದು ಹೋಗಬೇಡ.

ನಿನ್ನ ನೂಲಾ