ಹದಿನೆಂಟು ಡಿಗ್ರಿ

ಜನವರಿ ೧೪, ಮಂಗಳವಾರ. ಡ್ರಾಖ್ಟನ್.

ಹೊಸ ಮನೆಯ ನೆಲ ಇವತ್ತೂ ತಣ್ಣಗೇ ಇದೆ. ಬೆಳಿಗ್ಗೆ ನೆಲ ಕಾಯಿಸುವ ಹೀಟ್ ಪಂಪನ್ನು ಇಪ್ಪತ್ತೊಂದಕ್ಕೆ ಏರಿಸಿದೆ. ಕಾಫಿ ಮುಗಿಯುವಷ್ಟರಲ್ಲಿ ಹದಿನೆಂಟಕ್ಕಿಳಿದಿತ್ತು. ನನ್ನ ಗಂಡ ವೀಬ್ರೆನ್ ಹಡಗಿನಲ್ಲಿ ಕುಳಿತೇ ಫೋನಿನಿಂದ ಇಳಿಸಿದ್ದ. ಕೂಡಲೇ ಕರೆಯೂ ಬಂತು.

"ಮತ್ತೆ ಮುಟ್ಟಿದ್ಯಾ ವೀಟ್ಸ್ಕೆ? ಹದಿನೆಂಟು ಸಾಕು ಅಂತ ಎಷ್ಟು ಸಲ ಹೇಳ್ಬೇಕು?"

"ಮಗು ಕೆಮ್ತಿದೆ ಕಣೋ."

"ಸ್ವೆಟರ್ ಹಾಕು. ನಂಗೆ ಇಲ್ಲಿಂದ್ಲೇ ಎಲ್ಲಾ ಕಾಣ್ಸುತ್ತೆ."

ನಾನು ಎಷ್ಟು ಹೊತ್ತು ಸ್ನಾನ ಮಾಡಿದೆ, ಯಾವಾಗ ಬಾಗಿಲು ತೆರೆದೆ, ಎಲ್ಲವೂ ಅವನಿಗೆ ಕಾಣುತ್ತದೆ. ಈ ಮನೆಯಲ್ಲಿ ನನಗೆ ಉಸಿರು ಕಟ್ಟುತ್ತದೆ.

ಮಧ್ಯಾಹ್ನ ಇಂಟರ್ನೆಟ್ ತಂತಿ ಕಿತ್ತುಹಾಕಿ, ಮತ್ತೆ ಇಪ್ಪತ್ತೊಂದಕ್ಕೆ ಏರಿಸಿದೆ. ಆಗಿನಿಂದ ಹನ್ನೊಂದು ಸಲ ಫೋನು ಬಡಿದುಕೊಂಡಿದೆ. ನಾನು ಎತ್ತಿಲ್ಲ.

ಈ ನೆಲ ಪೂರ್ತಿ ಬೆಚ್ಚಗಾಗಲು ನಾಳೆ ಬೆಳಗಾಗಬೇಕು. ಅವನು ಬರುವುದು ಗುರುವಾರ. ನಾಳೆ ಒಂದು ದಿನ ಮಗು ಬರಿಗಾಲಲ್ಲಿ ಆಡಲಿ. ಗುರುವಾರ ಅವನು ಬಾಗಿಲು ತೆರೆದು ಒಳಗೆ ಬಂದ ಕೂಡಲೇ ತಂತಿ ಸಿಕ್ಕಿಸಿ ಮತ್ತೆ ಹದಿನೆಂಟಕ್ಕೆ ಇಳಿಸುತ್ತಾನೆ, ನನಗೆ ಗೊತ್ತು.