ಏಳಾನಾ ಅಂತ ಕೇಳಿ ಕಾಯುತ್ತಿದ್ದ ಅತ್ತಿಗೆಗೆ

ಅತ್ತಿಗೆ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಅಂತ ಶುರು ಮಾಡಿದರೆ ನೀನು ನಂಬುವವಳಲ್ಲ. ಅಣ್ಣನ ಮಂಡಿನೋವು ಹಾಗೇ ಇದೆ, ನನ್ನ ಬಾಯಿ ಹಾಗೇ ಇದೆ. ನೀನು ಹಿತ್ತಲಲ್ಲಿ ನೆಟ್ಟಿದ್ದ ನುಗ್ಗೆ ಮಾತ್ರ ಯಾರ ಮಾತೂ ಕೇಳದೆ ಸೂರಿಗಿಂತ ಮೇಲೆ ಬೆಳೆದು ನಿಂತಿದೆ. ನೀನು ಹೋಗಿ ವರ್ಷದ ಮೇಲಾಯಿತು. ಇಷ್ಟು ದಿನ ಯಾಕೋ ಬರೆಯಲಿಲ್ಲ ಅಂತ ಬೈಯಬೇಡ. ಬರೆಯುವುದಕ್ಕೆ ಒಂದು ಸುದ್ದಿ ಬೇಕಲ್ಲ? ಈಗ ಸಿಕ್ಕಿದೆ. ಆದರೆ ಅದನ್ನು ಕೊನೆಗೆ ಹೇಳುತ್ತೇನೆ. ಕೊಡಿಗೇನಹಳ್ಳಿ ಸಂತೆಯಿಂದ ಬಂದಾಗ ನೀನೂ ಹಾಗೇ ಮಾಡುತ್ತಿದ್ದೆಯಲ್ಲ, ಬದನೆಕಾಯಿ, ಸೊಪ್ಪು ಎಲ್ಲ ಸುರಿದಾದ ಮೇಲೆ ಚೀಲದ ತಳದಿಂದ ನನ್ನ ಖಾರಾಬೂಂದಿ ಪೊಟ್ಟಣ ತೆಗೆಯುತ್ತಿದ್ದೆ.

ನೀನು ನನ್ನನ್ನು ಮೊದಲ ಸಲ ಎತ್ತಿದ ಬೆಳಿಗ್ಗೆ ಮೊನ್ನೆ ಮತ್ತೆ ನೆನಪಾಯಿತು. ಹನುಮಂತ ಅಂತ ಹೆಸರಿಟ್ಟುಕೊಂಡು ಹುಣಸೆ ಮರದಿಂದ ಬಿದ್ದ ಭೂಪ ನಾನು. ಕಾಯಿ ಬಡಿಯಲು ಹತ್ತಿದ್ದೆ, ಕೊಂಬೆ ಮುರಿಯಿತು, ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ಆಗ ನೀನಿನ್ನೂ ಈ ಮನೆಗೆ ಹೊಸ ಸೊಸೆ. ಮಂಚದಿಂದ ಗಾಲಿ ಕುರ್ಚಿಗೆ ಅವ್ವನೇ ಕೂರಿಸುತ್ತಿದ್ದಳು. ಅವ್ವನ ಕೈಯಲ್ಲಿ ಆಗದೆ ಹೋದ ದಿನ ಅಣ್ಣ ಇನ್ನೂ ಡ್ಯೂಟಿಯಿಂದ ಬಂದಿರಲಿಲ್ಲ. ನೀನು ಬಂದು ಮಂಚದ ಪಕ್ಕ ನಿಂತೆ. ನನಗೆ ನಾಚಿಕೆ, ನಿನಗೂ ನಾಚಿಕೆ. ಬಗ್ಗಿ ನನ್ನ ಕಂಕುಳಲ್ಲಿ ಕೈ ಹಾಕುವ ಮೊದಲು ‘ಏಳಾನಾ?’ ಅಂತ ಕೇಳಿದೆ. ಕೇಳಿ ಸುಮ್ಮನೆ ನಿಂತೆ. ಮರದಿಂದ ಬಿದ್ದ ಮೇಲೆ ನನ್ನ ಮೈ ಬಗ್ಗೆ ನನ್ನನ್ನೇ ಯಾರಾದರೂ ಕೇಳಿದ್ದು ಅದೇ ಮೊದಲು ಅತ್ತಿಗೆ. ‘ಊಂ’ ಅಂದೆ ನಾನು. ಆಮೇಲೆ ನೀನು ಎತ್ತಿದೆ.

ಅಲ್ಲಿಂದ ನೀನು ಹೋಗುವ ತನಕ ಒಂದು ದಿನವಾದರೂ ಕೇಳದೆ ಎತ್ತಿದ್ದುಂಟಾ? ಒಂದೊಂದು ಬೆಳಿಗ್ಗೆ ನನ್ನ ಕಾಲು ತನ್ನಷ್ಟಕ್ಕೆ ಸೆಟೆದು ನಡುಗುತ್ತಿತ್ತು, ‘ತಡಿ’ ಅನ್ನುತ್ತಿದ್ದೆ. ನೀನು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ, ಹಾಲಿನವನು ನೀರು ಬೆರೆಸುವ ವಿಚಾರ ಹೇಳುತ್ತಾ ಕಾಯುತ್ತಿದ್ದೆ. ಸುಮ್ಮನೆ ಸತಾಯಿಸಲಿಕ್ಕೂ ‘ತಡಿ’ ಅಂದಿದ್ದೇನೆ ಬಿಡು. ನಿನಗದು ಗೊತ್ತಾಗುತ್ತಿತ್ತು. ‘ತಡಿತೀನಿ ಕಣಪ್ಪಾ ಮಾರಾಯ, ನಿನ್ ಪಲ್ಲಕ್ಕಿ ಹೊರೋಳು ನಾನೊಬ್ಳೇ ತಾನೆ, ಎಲ್ಲೋಗ್ಲಿ?’ ಅನ್ನುತ್ತಿದ್ದೆ. ಅತ್ತಿಗೆ ಮೈದುನನನ್ನು ತಬ್ಬಿ ಎತ್ತುವುದೇ ಅಂತ ಬೀದಿಯವರು ಆಡಿಕೊಂಡಾಗಲೂ ನೀನು ಬಾಗಿಲು ಹಾಕಲಿಲ್ಲ. ‘ನೋಡೋರು ಬಂದು ಒಂದ್ ಕೈ ಹಿಡೀಲಿ’ ಅಂದೆ. ಯಾರೂ ಬರಲಿಲ್ಲ.

ಮಧುಗಿರಿಯ ಆ ಮೊದಲ ಸಭೆ ನೆನಪಿದೆಯಾ? ಎದ್ದು ಓಡಾಡಲಾಗದವರ ಮನೆಗೇ ಕಾರ್ಯಕರ್ತರನ್ನು ಕಳಿಸಿ ಆರೈಕೆ ಮಾಡಿಸುತ್ತೇವೆ, ಅದು ಹೇಗಿರಬೇಕು ಅನ್ನುವುದನ್ನು ನೀವೇ ಬಂದು ಹೇಳಿ ಅಂತ ಒಂದು ಸಂಸ್ಥೆಯವರು ಕರೆದಿದ್ದರು. ಶಿರಾ, ಕೊರಟಗೆರೆ, ಪಾವಗಡದಿಂದಲೂ ಜನ ಬಂದಿದ್ದರು. ನಾವೂ ಆಸೆಯಿಂದ ಆಟೋ ಮಾಡಿಕೊಂಡು ಹೋದರೆ, ಸಭೆ ಇಟ್ಟಿದ್ದು ಮಹಡಿ ಮೇಲೆ! ಲಿಫ್ಟೂ ಇಲ್ಲ, ಏನೂ ಇಲ್ಲ. ಹೊತ್ತುಕೊಂಡು ಹೋಗುತ್ತೇವೆ ಅಂತ ಇಬ್ಬರು ಬಂದರು. ‘ಅವ್ನೇನ್ ಮೂಟೆನಾ?’ ಅಂತ ಅವರನ್ನು ಗದರಿಸಿ ನೀನೊಬ್ಬಳೇ ಹತ್ತಿ ಹೋದೆ. ನಾನು ಕೆಳಗೆ ಆಟೋದಲ್ಲಿ ಡ್ರೈವರನ ಜೊತೆ ಕಡಲೆಕಾಯಿ ತಿನ್ನುತ್ತಾ ಕೂತೆ.

ಸ್ವಲ್ಪ ಹೊತ್ತಿಗೆ ಮೇಲಿನ ಕಿಟಕಿಯಲ್ಲಿ ನಿನ್ನ ತಲೆ ಕಂಡಿತು. ‘ಹನುಮಾ! ನಿಂಗೇನ್ ಬೇಕು ಅಂತ ಕೇಳ್ತಾವ್ರೆ ಕಣೋ!’ ಅಂತ ಬೀದಿಗೆಲ್ಲ ಕೇಳುವಂತೆ ಕೂಗಿದೆ. ನಾನೂ ಬಿಟ್ಟೆನಾ? ‘ಮೊದ್ಲು ಅವ್ರನ್ನ ಕೆಳಗಿಳಿದು ಬರಕ್ಕೇಳು ಅತ್ತಿಗೇ!’ ಅಂದೆ. ಟೀ ಅಂಗಡಿಯವರು, ಬಸ್ಸಿಗೆ ನಿಂತವರು, ಎಲ್ಲರೂ ಬಿದ್ದು ಬಿದ್ದು ನಕ್ಕರು. ಸಂಸ್ಥೆಯ ಮೇಡಂ ಒಳ್ಳೆಯವರು, ಮುಖ ಕೆಂಪಾಗಿದ್ದರೂ ತಾವೂ ನಗುತ್ತಾ ಇಳಿದು ಬಂದರು. ಉಳಿದ ಸಭೆ ನಮ್ಮ ಆಟೋ ಸುತ್ತಲೇ ನಡೆಯಿತು. ‘ಅಮ್ಮಾ, ಇವರಿಗೆ ಏನೇನು ಸೇವೆ ಬೇಕಾಗುತ್ತೆ?’ ಅಂತ ಅವರು ಮತ್ತೆ ನಿನ್ನನ್ನೇ ಕೇಳಿದಾಗ ನೀನು ಏನಂದೆ ಹೇಳು? ‘ಅವ್ನಿಗೆ ಬಾಯೈತೆ, ಅವ್ನನ್ನೇ ಕೇಳಿ. ನನ್ನ ಕೇಳಾದಾದ್ರೆ ನನ್ ಸೊಂಟದ್ ಇಚಾರ ಕೇಳಿ. ಎತ್ತಿ ಎತ್ತಿ ಸೊಂಟ ಬಿದ್ದೋಗೈತೆ, ಅದುಕ್ಕೇನಾರ ಮಾಡಿ.’ ವಾಪಸ್ ಬರುವಾಗ ದಾರಿಯುದ್ದಕ್ಕೂ ನೀನು ನಗುತ್ತಲೇ ಇದ್ದೆ. ಮುಂದಿನ ಸಭೆಯನ್ನು ನೆಲಮಹಡಿಯಲ್ಲಿ ಇಟ್ಟರು. ಅದಕ್ಕೆ ನೀನು ಇರಲಿಲ್ಲ. ಒಲೆ ಮುಂದೆ ತಲೆಸುತ್ತು ಅಂತ ಕೂತವಳು ಆಸ್ಪತ್ರೆ ಮುಟ್ಟುವ ಮೊದಲೇ...

ನೀನು ಹೋದ ಮೇಲೆ ಸಂಸ್ಥೆಯವರು ಮಹೇಶ ಅನ್ನುವವನನ್ನು ಕಳಿಸಿದರು. ಕೊರಟಗೆರೆ ಕಡೆಯವನು, ಚನ್ನರಾಯನದುರ್ಗದ ಬೆಟ್ಟ ಹತ್ತಿ ಬೆಳೆದ ಮೈ, ತೋಳು ಅಂದರೆ ತೋಳು. ಕೆಟ್ಟವನಲ್ಲ. ಆದರೆ ಬಂದವನೇ ಹೊದಿಕೆ ಎಳೆದು, ಕೈ ಹಾಕಿ, ನಾನು ಕಣ್ಣು ಬಿಡುವುದರೊಳಗೆ ಕುರ್ಚಿಯಲ್ಲಿ ಕೂರಿಸಿಬಿಡುತ್ತಿದ್ದ. ಕಾಲು ಸೆಟೆಯುತ್ತಿತ್ತು, ಮೂತ್ರದ ನಳಿಕೆ ಎಳೆದು ಜೀವ ಹೋದಂತಾಗುತ್ತಿತ್ತು. ‘ಲೇ, ಒಂದ್ ಮಾತು ಕೇಳೋ’ ಅಂದರೆ, ‘ಅಣ್ಣ, ಇನ್ನೂ ಬೇರೆ ಮನೆಗಳವೆ, ಟೈಮಾಯ್ತದೆ’ ಅನ್ನುತ್ತಿದ್ದ. ಎಷ್ಟು ಬಲವಾಗಿ ಎತ್ತಿದರೂ ನಾನು ಎದ್ದ ಹಾಗೆ ಅನಿಸುತ್ತಿರಲಿಲ್ಲ ಅತ್ತಿಗೆ. ಬೆಳಿಗ್ಗೆ ಎಚ್ಚರವಾದರೆ ಕಿವಿ ಅಡುಗೆಮನೆ ಕಡೆಗೇ ಹೋಗುತ್ತಿತ್ತು. ನಿನ್ನ ಬಳೆ ಸದ್ದು, ಆಮೇಲೆ ಆ ಒಂದು ಮಾತು. ಅದು ಬರುವುದಿಲ್ಲ ಅಂತ ಗೊತ್ತಿದ್ದೂ ಕಾಯುತ್ತಿದ್ದೆ. ನಿನ್ನನ್ನು ಹಗಲೆಲ್ಲ ಹೇಗೋ ಮರೆತಿರುತ್ತೇನೆ, ರಿಪೇರಿಗೆ ಬಂದ ಮಿಕ್ಸಿ, ಫ್ಯಾನು ಬಿಚ್ಚಿಕೊಂಡು ಕೂರುತ್ತೇನೆ. ಆ ಒಂದು ಗಳಿಗೆ ಮಾತ್ರ ತಡೆಯಲಾಗುತ್ತಿರಲಿಲ್ಲ.

ಅದಕ್ಕೇ ಆ ನೆಲಮಹಡಿಯ ಸಭೆಗೆ ಹಟ ಮಾಡಿ ಹೋದೆ. ಹೊಸ ಕಾರ್ಯಕರ್ತರಿಗೆ ಏನು ಕಲಿಸಬೇಕು ಅನ್ನುವುದು ಅವತ್ತಿನ ಮಾತು. ಮಲಗಿದವರನ್ನು ನೋಡಿಕೊಳ್ಳುವ ಮನೆಯವರೆಲ್ಲ, ಬಂದವರು ಸ್ನಾನ ಮಾಡಿಸಲಿ, ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚಲಿ, ಬಟ್ಟೆ ಬದಲಿಸಲಿ, ಬೇಗ ಬೇಗ ಆಗಲಿ ಅಂದರು. ಅವರದೂ ತಪ್ಪಲ್ಲ, ಸೋತ ಜೀವಗಳು. ನನ್ನ ಸರದಿ ಬಂದಾಗ, ‘ನನಗೆ ಬೇಕಾಗಿರುವುದು ಒಂದೇ. ಮುಟ್ಟುವ ಮೊದಲು ಕೇಳಬೇಕು, ಕೇಳಿದ ಮೇಲೆ ಕಾಯಬೇಕು’ ಅಂದೆ. ಅಷ್ಟೇನಾ ಅನ್ನುವ ಹಾಗೆ ಎಲ್ಲರೂ ನನ್ನ ಮುಖ ನೋಡಿದರು. ಮೇಡಂ ಕೂಡ, ‘ಒಂದು ಮನೆಗೆ ಇಷ್ಟೇ ಹೊತ್ತು ಅಂತ ಇದೆ ಹನುಮಂತಪ್ಪ, ಕಾಯುತ್ತಾ ಕೂತರೆ ಹೇಗೆ?’ ಅಂದರು.

ಅಲ್ಲಿ ಶಿರಾದ ನಜೀಮಾ ಇದ್ದಳು. ಅತ್ತೆಯನ್ನು ನೋಡಿಕೊಳ್ಳುತ್ತಾಳೆ, ಆ ಮುದುಕಿಗೆ ಮರೆವಿನ ಕಾಯಿಲೆ. ಎದ್ದು ನಿಂತು ಹೇಳಿದಳು: ‘ಭಾಯ್, ನಿಮ್ಗೆ ಬಾಯೈತೆ, ಹೇಳ್ತೀರಿ. ನಮ್ ಸಾಸ್‌ಗೆ ನಾನ್ ಯಾರು ಅಂತಾನೇ ಗೊತ್ತಾಗಲ್ಲ. ಬೆಳಿಗ್ಗೆ ಮೈ ತೊಳ್ಸಕ್ಕೋದ್ರೆ ಕಿರಚ್ಕೋತಾರೆ, ಪರಚ್ತಾರೆ. ಅವ್ರನ್ನ ಏನಂತ ಕೇಳ್ಲಿ? ಯಾವ ಜವಾಬಿಗೆ ಅಂತ ಕಾಯ್ಲಿ?’ ತೋಳೇರಿಸಿ ಗೀರು ತೋರಿಸಿದಳು. ಪಕ್ಕದ ಖಾಲಿ ಕುರ್ಚಿ ನೋಡಿದೆ. ನೀನಿದ್ದಿದ್ದರೆ ಏನನ್ನುತ್ತಿದ್ದೆ?

ಆಗ ನನ್ನ ಆ ಜ್ವರ ನೆನಪಾಯಿತು ನೋಡು. ಹುಣ್ಣು ಕೀವಾಗಿ, ಮೈಮೇಲೆ ಎಚ್ಚರವಿಲ್ಲದೆ, ಮಾತು ನಿಂತು ಮಲಗಿದ್ದೆನಲ್ಲ? ಆಗಲೂ ನೀನು ಕೇಳುತ್ತಿದ್ದೆಯಂತೆ. ನನ್ನ ಅಂಗೈ ಕೆಳಗೆ ನಿನ್ನ ಅಂಗೈ ಇಟ್ಟು ‘ಏಳಾನಾ?’ ಅಂದು, ನನ್ನ ಬೆರಳು ಒಂದಿಷ್ಟು ಒತ್ತಿದರೆ ಎತ್ತುತ್ತಿದ್ದೆಯಂತೆ, ಕೈ ಸರಿದರೆ ಬಿಟ್ಟು ಆಮೇಲೆ ಬರುತ್ತಿದ್ದೆಯಂತೆ. ಅಣ್ಣ ಹೇಳಿದ್ದು. ಹುಷಾರಾದ ಮೇಲೆ ನಾನು, ‘ಎಚ್ಚರ ಇಲ್ಲದವನನ್ನು ಏನು ಕೇಳುತ್ತೀಯ?’ ಅಂತ ರೇಗಿಸಿದ್ದಕ್ಕೆ ನೀನು, ‘ನಿಂಗೋಸ್ಕರ ಅಂದ್ಕಂಡ್ಯಾ? ನಂಗೇ ಭಯ ಕಣ್ಲಾ. ಎಲ್ಲಿ ಬೀಳಿಸ್ಬುಡ್ತೀನೋ ಅಂತ. ನೀನು ಊಂ ಅಂದ್ರೆ ನಂಗೆ ಧೈರ್ಯ’ ಅಂದಿದ್ದೆ. ಇದೆಲ್ಲವನ್ನೂ ಸಭೆಯಲ್ಲಿ ಹೇಳಿಬಿಟ್ಟೆ. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ ಕೂಡ. ಅಷ್ಟು ಜನರ ಮುಂದೆ, ಮೂಗು ಒರೆಸಿಕೊಳ್ಳಲು ಟವಲೂ ಇಲ್ಲದೆ. ನಜೀಮಾ ತನ್ನ ದುಪಟ್ಟಾದ ತುದಿ ಕೊಡಲು ಬಂದಳು, ನಾನು ಅಂಗಿತೋಳಿನಲ್ಲೇ ಒರೆಸಿಕೊಂಡೆ.

ಮುಂದಿನ ಸಲ ಸೇರಿದಾಗ ನಜೀಮಾ ಬಾಗಿಲಿನಿಂದಲೇ ನನ್ನ ಕುರ್ಚಿ ಹತ್ತಿರ ಬಂದಳು. ‘ಭಾಯ್, ನಿಮ್ ಭಾಬಿ ಹಂಗೆ ಕೈ ಇಟ್ಟೆ. ಬೆಳಿಗ್ಗೆ ಕೈ ತಳ್ಬುಟ್ರು. ಬುಟ್ಟೆ. ಮಧ್ಯಾಹ್ನಾನೂ ತಳ್ಳಿದ್ರು. ಸಂಜೆ ನಮಾಜ್ ಹೊತ್ಗೆ ಕೈ ಇಟ್ರೆ ಗಟ್ಟಿಯಾಗ್ ಹಿಡ್ಕೊಂಡ್ರು! ಅವ್ರಿಗೆ ಸಂಜೆ ಹೊತ್ತು ಮೈ ತೊಳ್ಕಬೇಕು, ಅಷ್ಟೇ. ಇಷ್ಟ್ ದಿನ ಬೆಳಿಗ್ಗೆ ಬೆಳಿಗ್ಗೆನೇ ಕಾದಾಡ್ತಿದ್ವಿ’ ಅಂದಳು. ಮೇಡಂ ಅದನ್ನು ಎರಡು ಸಲ ಕೇಳಿಸಿಕೊಂಡರು. ಮೇಲಿನವರ ಜೊತೆ ಜಗಳ ಆಡಿಯೋ, ಕಾಡಿ ಬೇಡಿಯೋ, ಒಬ್ಬೊಬ್ಬ ಕಾರ್ಯಕರ್ತರಿಗೆ ಒಂದು ಮನೆ ಕಡಿಮೆ ಮಾಡಿಸಿದರು. ಸ್ನಾನ ಯಾವ ಹೊತ್ತಿಗೆ ಅನ್ನುವುದನ್ನು ಇನ್ನು ಮಲಗಿದವರೇ ಹೇಳುವುದಂತೆ. ನಾಲ್ಕೂ ತಾಲ್ಲೂಕಿನ ತರಬೇತಿಯಲ್ಲಿ ಮೊದಲ ಪಾಠ, ಮುಟ್ಟುವ ಮೊದಲು ಕೇಳುವುದು, ಕಾಯುವುದು. ಮಧುಗಿರಿಯಲ್ಲಿ ಅದನ್ನು ಹೇಳಿಕೊಡಲು ಹೋಗುವವನು ಯಾರು ಗೊತ್ತಾ? ನಿನ್ನ ಮೈದುನ! ನನ್ನನ್ನು ಎತ್ತಿ, ಇಳಿಸಿ ಕಲಿಯುತ್ತಾರೆ. ಕೇಳದೆ ಕೈ ಹಾಕಿದರೆ ಮತ್ತೆ ಮಂಚದ ಮೇಲೆ ಮಲಗಿಸಲು ಹೇಳಿ ಮೊದಲಿನಿಂದ ಶುರು ಮಾಡಿಸುತ್ತೇನೆ. ಮಹೇಶನಂತೂ ಈಗ ನನ್ನ ಕಂಡರೆ ಕೈ ಕಟ್ಟಿ ನಿಂತು, ‘ಅಪ್ಪಣೆ ಆಗ್ಲಿ ಸ್ವಾಮಿ’ ಅಂತ ಕಿಚಾಯಿಸುತ್ತಾನೆ. ಎತ್ತುವವರ ಸೊಂಟಕ್ಕೆ ಕಟ್ಟುವ ಅಗಲದ ಪಟ್ಟಿಯನ್ನೂ ಕೊಡುತ್ತಿದ್ದಾರೆ, ನೀನು ಬೀದಿಯಲ್ಲಿ ನಿಂತು ಕೇಳಿದ್ದೆಯಲ್ಲ, ಅದು. ಒಂದನ್ನು ಮನೆಗೆ ತಂದೆ. ನಿನಗೆ ಅದು ಸಿಕ್ಕಿದ್ದಿದ್ದರೆ...

ಇರಲಿ. ಈಗ ಚೀಲದ ತಳದ ಪೊಟ್ಟಣ. ನಿನ್ನೆಯಿಂದ ನಮ್ಮ ಮನೆಗೆ ಮಹೇಶನ ಬದಲು ಹೊಸಬಳು ಬರುತ್ತಿದ್ದಾಳೆ, ವರಲಕ್ಷ್ಮಿ ಅಂತ. ತವರು ಪಾವಗಡದ ವಳ್ಳೂರು. ಅಲ್ಲೀಗ ಹೊಲದ ತುಂಬಾ ಸೋಲಾರ್ ಹಲಗೆಗಳು, ಕೂಲಿ ಕಡಿಮೆ. ಮದುವೆಯಾಗಿ ಕೊಡಿಗೇನಹಳ್ಳಿಗೆ ಬಂದು ಈ ಕೆಲಸ ಹಿಡಿದಿದ್ದಾಳೆ. ಅವಳು ಕಲಿತದ್ದು ಮದುವೆಗೆ ಮುಂಚೆ, ಪಾವಗಡದವರ ಜೊತೆ, ನನ್ನನ್ನು ನೋಡಿದವಳೂ ಅಲ್ಲ, ನಿನ್ನ ಹೆಸರು ಕೇಳಿದವಳೂ ಅಲ್ಲ. ಬಂದು ಕೈ ತೊಳೆದಳು. ನಾನು ಕಣ್ಣು ಮುಚ್ಚಿಕೊಂಡೇ ಮಲಗಿದ್ದೆ. ಮಂಚದ ಹತ್ತಿರ ಬಂದು ನಿಂತ ಸದ್ದಾಯಿತು, ಬಳೆ ಸದ್ದಾಯಿತು. ‘ಲೇದ್ದಾಮಾ ಅನ್ನಾ?’ ಅಂದಳು. ಏಳೋಣವಾ ಅಣ್ಣಾ ಅಂತ, ತೆಲುಗಿನಲ್ಲಿ.

ಕಾಲು ಸೆಟೆದಿರಲಿಲ್ಲ, ಏನೂ ಆಗಿರಲಿಲ್ಲ. ಆದರೂ ಕಣ್ಣು ಬಿಟ್ಟು ‘ತಡಿ’ ಅಂದೆ.

ತಡೆದಳು ಅತ್ತಿಗೆ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ನಿಂತಳು. ಹೊರಗೆ ಹಿಂದೂಪುರದ ಬಸ್ಸು ಹಾರ್ನ್ ಹೊಡೆದು ಹೋಯಿತು. ಬಾಗಿಲಲ್ಲಿದ್ದ ಅಣ್ಣ ಮುಖ ತಿರುಗಿಸಿ ನಿನ್ನ ನುಗ್ಗೆ ಗಿಡ ನೋಡುತ್ತಾ ನಿಂತ. ಅವಳು ಇನ್ನೊಂದು ಸಲ ಕೇಳಲಿಲ್ಲ, ಅವಸರ ಮಾಡಲಿಲ್ಲ. ನಾನು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿನ್ನ ಜೊತೆ ಇದ್ದೆ. ಆಮೇಲೆ ನಾನೇ ಹೇಳಿದೆ: ‘ಊಂ ಕಣಮ್ಮ, ಏಳಾನ.’

ನಿನ್ನ ಮೈದುನ,
ಹನುಮಂತ