ಗೋಪುರದ ಮೆಟ್ಟಿಲಲ್ಲಿ ನೀನು ಕೇಳಿದ್ದು

ಸಿಬಿಯು
18 ಸೆಪ್ಟೆಂಬರ್ 1986, ಬೆಳಗಿನ ಆರು ಗಂಟೆ

ನನ್ನ ಹೆರ್ತಾ,

ನಿನ್ನೆ ಇಡೀ ದಿನ ನಿನ್ನನ್ನು ಮೇಡಂ, ಮೇಡಂ ಎಂದು ಕರೆದೆನಲ್ಲ, ಇಲ್ಲಾದರೂ ಹೆಸರು ಹಿಡಿದು ಕರೆಯುತ್ತೇನೆ. ಒಂಬತ್ತಕ್ಕೆ ನಿಮ್ಮ ಬಸ್ಸು ಹೊರಡುವಾಗ ಎಲ್ಲರಿಗೂ ಊರಿನ ಚಿತ್ರಗಳ ಲಕೋಟೆ ಕೊಡುತ್ತೇನೆ. ನಿನ್ನದರಲ್ಲಿ ಈ ಪತ್ರ ಇರುತ್ತದೆ. ಓದಿದ ಕೂಡಲೇ ಸುಟ್ಟುಬಿಡು.

ಹೋಟೆಲಿನ ಮುಂದೆ ಜರ್ಮನಿಯಿಂದ ಬಂದವರ ತಲೆ ಎಣಿಸುತ್ತಿದ್ದೆ. ಹದಿನಾಲ್ಕನೆಯ ತಲೆ ನಿನ್ನದು. ಪಟ್ಟಿಯಲ್ಲಿ ಗಂಡನ ಮನೆಯ ಹೆಸರಿತ್ತು, ನನಗೆ ಹೇಗೆ ಗೊತ್ತಾಗಬೇಕು? ನೀನು ಈ ಊರು ಬಿಟ್ಟು ಎಂಟು ವರ್ಷವಾಯಿತು. ನೀನು ತಬ್ಬಿಕೊಳ್ಳಲು ಕೈ ಚಾಚಿದೆ, ನಾನು ಆ ಕೈಗೆ ಊರಿನ ನಕ್ಷೆ ಕೊಟ್ಟೆ. ಎಷ್ಟು ನೋವಾಯಿತೆಂದು ನಿನ್ನ ಮುಖವೇ ಹೇಳುತ್ತಿತ್ತು.

ಏನು ಮಾಡಲಿ? ಹೊರದೇಶದವರ ಜೊತೆ ಆಡಿದ ಮಾತನ್ನೆಲ್ಲ ಇಪ್ಪತ್ತನಾಲ್ಕು ಗಂಟೆಯೊಳಗೆ ಗುಪ್ತ ಪೊಲೀಸರಿಗೆ ಬರೆದುಕೊಡಬೇಕು. ನಾನೂ ಬರೆಯಬೇಕು, ಬಸ್ಸಿನ ಡ್ರೈವರ್ ಟ್ರಾಯನ್ ಕೂಡ ಬರೆಯಬೇಕು. ಎರಡೂ ಹೊಂದದಿದ್ದರೆ ಕರೆ ಬರುತ್ತದೆ. ಹಾಗೆ ಕರೆ ಬಂದು ಹೋದ ನಮ್ಮ ಆಫೀಸಿನ ಇಬ್ಬರು ಮತ್ತೆ ಕೆಲಸಕ್ಕೆ ಬರಲಿಲ್ಲ. ನಾವು ನಡೆದಲ್ಲೆಲ್ಲ ಹತ್ತು ಹೆಜ್ಜೆ ಹಿಂದೆ ಬರುತ್ತಿದ್ದನಲ್ಲ, ಅವನೇ ಟ್ರಾಯನ್. ದೊಡ್ಡ ಚೌಕದಲ್ಲೇ ನನ್ನ ಪಕ್ಕಕ್ಕೆ ಬಂದು, "ಏನಕ್ಕಾ, ಆ ಹಸಿರು ಕೋಟಿನಾಕೆ ನಿಮ್ಮನ್ನೇ ನುಂಗೋ ಹಾಗೆ ನೋಡ್ತಾಳೆ? ಹಳೇ ನೆಂಟಸ್ತಿಕೆನಾ?" ಎಂದ. "ನನ್ನ ಜರ್ಮನ್ ಕೇಳಿ ಗಾಬರಿ ಆಗಿರ್ಬೇಕು ಕಣಪ್ಪ" ಎಂದು ನಕ್ಕೆ.

ಇಲ್ಲಿನ ಮಾಡಿನ ಕಿಟಕಿಗಳು ಅರೆತೆರೆದ ಕಣ್ಣುಗಳ ಹಾಗಿವೆ ಎಂದು ದಿನವೂ ಹೇಳುತ್ತೇನೆ, ಜನ ನಕ್ಕು ಫೋಟೋ ತೆಗೆಯುತ್ತಾರೆ. ನಿನ್ನೆ ನನಗೆ ತಲೆ ಎತ್ತಲಾಗಲಿಲ್ಲ. ಸುಳ್ಳಿನ ಸೇತುವೆಯ ಮೇಲೆ ನಿಂತು, ಸುಳ್ಳುಗಾರರು ಕಾಲಿಟ್ಟರೆ ಇದು ಕುಸಿಯುತ್ತದಂತೆ ಎಂಬ ಕತೆಯನ್ನೂ ಹೇಳಿದೆ, ಅದು ನನ್ನ ಕೆಲಸ. ನೀನು ಕಬ್ಬಿಣದ ಕಟಕಟೆ ಹಿಡಿದು ನನ್ನನ್ನೇ ನೋಡುತ್ತಿದ್ದೆ. ಚಿಕ್ಕವರಿದ್ದಾಗ ಅದರ ಮೇಲೆ ಕುಣಿದು ಪರೀಕ್ಷೆ ಮಾಡಿದವರು ನಾವೇ. ಆಮೇಲೆ ಕೆಳಪೇಟೆಯಲ್ಲಿ ನಿಮ್ಮ ಮನೆಯ ಮುಂದೆಯೇ ನಿಂತು, ಇದು ಹಿಂದಿನ ಕಾಲದ ಟೋಪಿ ಹೊಲಿಯುವವರ ಮನೆ ಎಂದೆ. ನಿಮ್ಮಪ್ಪ ಗುಸ್ತಾವ್ ಮಾಮನ ಹೆಸರು ಹೇಳಲು ನಾಲಿಗೆ ಹೊರಳಲಿಲ್ಲ. ನೀನು ಬಾಗಿಲ ಹಿಡಿಯ ಮೇಲೆ ಕೈಯಿಟ್ಟಾಗ ಟ್ರಾಯನ್ ಗಡಿಯಾರ ನೋಡಿದ. ಹೊತ್ತನ್ನೂ ಬರೆದುಕೊಳ್ಳುತ್ತಾನೇನೋ ಎಂದು ಎಲ್ಲರನ್ನೂ ಮುಂದೆ ನಡೆಸಿದೆ.

ಕೊನೆಗೆ ದೊಡ್ಡ ಚರ್ಚಿನ ಗೋಪುರ. ಎಲ್ಲರೂ ಮೇಲೆ ಹೋದರು. ಸುರುಳಿ ಮೆಟ್ಟಿಲಲ್ಲಿ ನೀನು ಬೇಕೆಂದೇ ಹಿಂದುಳಿದು ನನ್ನ ತೋಳು ಹಿಡಿದೆ. "ಟಿಲಿ, ಅಪ್ಪನ ಮೇಲೆ ಬರ್ಕೊಟ್ಟೋರು ಯಾರೇ? ಗೊತ್ತಿದ್ರೆ ಹೇಳೇ, ನಂಗಿನ್ನೇನೂ ಬೇಡ" ಎಂದೆ. ನೀನು ಬಂದದ್ದು ಅದಕ್ಕೇ ಎಂದು ಆಗ ತಿಳಿಯಿತು. ಆ ಕಾಗದ ಹೋಗದಿದ್ದರೆ ಗುಸ್ತಾವ್ ಮಾಮನನ್ನು ಎಳೆದೊಯ್ಯುತ್ತಿರಲಿಲ್ಲ, ಜರ್ಮನಿಗೆ ಹೋಗಲು ನಿಮಗೆ ಬೇಕಿದ್ದ ಪಾಸ್‌ಪೋರ್ಟ್ ನಾಲ್ಕು ವರ್ಷ ತಡವಾಗುತ್ತಿರಲಿಲ್ಲ, ಅವರು ಕಾದು ಕಾದು ಇಲ್ಲೇ ಮಣ್ಣಾಗುತ್ತಿರಲಿಲ್ಲ. ನಾನು ಏನೆಂದೆ? "ಒಟ್ಟು ನೂರ ತೊಂಬತ್ತೆರಡು ಮೆಟ್ಟಿಲು, ಮೇಡಂ." ಕೆಳಗೆ ಟ್ರಾಯನ್ ನಿಂತಿದ್ದ, ಹೆರ್ತಾ. ಆ ಮೆಟ್ಟಿಲಲ್ಲಿ ಪಿಸುಮಾತೂ ತಳದವರೆಗೆ ಕೇಳಿಸುತ್ತದೆ.

ಸಂಜೆ ಅವನು ಬಸ್ಸಿನ ಗಾಜು ಒರೆಸುತ್ತ, "ಅಕ್ಕಾ, ಗೋಪುರದಲ್ಲಿ ಆಕೆ ಏನ್ ಕೇಳಿದ್ಲು ಅಂತ ಬರೀಲಿ? ನೀವೇ ಹೇಳ್ಬಿಡಿ, ಇಬ್ರದ್ದೂ ಒಂದೇ ಇರ್ಲಿ" ಎಂದ. ದಯೆಯೋ ಬಲೆಯೋ ತಿಳಿಯಲಿಲ್ಲ. ಮೆಟ್ಟಿಲೆಷ್ಟು ಎಂದು ಕೇಳಿದಳು ಎಂದೆ. ಆಗಿನಿಂದ ಲಿಫ್ಟಿನ ಸದ್ದಾದರೂ ಎದ್ದು ಬಾಗಿಲ ಚಿಲಕ ನೋಡುತ್ತೇನೆ. ನೀನು ಸೀಟಿನ ಮೇಲೆ ನನಗಾಗಿ ಬಿಟ್ಟಿದ್ದ ಕಾಫಿ ಪೊಟ್ಟಣ ತಂದಿದ್ದೇನೆ, ಬಿಚ್ಚಿಲ್ಲ. ಇಲ್ಲಿ ಅಂಗಡಿಯಲ್ಲಿ ಸಿಗದ ನಿಜವಾದ ಕಾಫಿಯ ವಾಸನೆ ಬಂದರೆ ಪಕ್ಕದ ಮನೆಯವರು ಯಾರು ಕೊಟ್ಟರೆಂದು ಕೇಳುತ್ತಾರೆ.

ಹೆದರಿ ಹೆದರಿ ಹೀಗಾಗಿದ್ದೇನೆ. ಸಾಧ್ಯವಾದರೆ ಕ್ಷಮಿಸು.

ಯಾವತ್ತೂ ನಿನ್ನವಳೇ,
ಟಿಲಿ

ಮತ್ತೊಂದು ಮಾತು: ಇದು ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು. ನೀನು ಮೆಟ್ಟಿಲಲ್ಲಿ ಕೇಳಿದಾಗ ಟ್ರಾಯನ್ ಕೆಳಗೆ ಇರಲಿಲ್ಲ. ಸೂರ್ಯಕಾಂತಿ ಬೀಜ ತರಲು ಚೌಕಕ್ಕೆ ಹೋಗಿದ್ದ. ಅದಕ್ಕೇ ಸಂಜೆ ನನ್ನನ್ನು ಕೇಳಿದ್ದು. ಅಲ್ಲಿದ್ದವರು ನಾವಿಬ್ಬರೇ, ನಾನು ಹೆದರಿದ್ದು ನಿನಗೆ. ಗುಸ್ತಾವ್ ಮಾಮ "ಈ ಸರ್ಕಾರ ನಮ್ಮನ್ನ ಜೀವಂತ ಹೂಳ್ತಿದೆ" ಎಂದದ್ದು ನಿಮ್ಮ ಅಡುಗೆಮನೆಯಲ್ಲಿ, ಊಟಕ್ಕೆ ಕೂತಾಗ. ಆವತ್ತು ನಿಮ್ಮ ಮನೆಯವರನ್ನು ಬಿಟ್ಟರೆ ತಟ್ಟೆ ಇಟ್ಟದ್ದು ನನಗೊಬ್ಬಳಿಗೇ. ಗೈಡ್ ಕೆಲಸ ಬೇಕಿದ್ದರೆ ಏನಾದರೂ ಬರೆದುಕೊಡು ಎಂದು ಪೊಲೀಸರು ಹೇಳಿದರು. ಬರೆದುಕೊಟ್ಟೆ. ಕಾಫಿ ಪೊಟ್ಟಣ ಬಿಚ್ಚಲಾಗದ್ದು ಪಕ್ಕದ ಮನೆಯವರಿಂದಲ್ಲ.

ಸುಟ್ಟುಬಿಡು ಎಂದಿದ್ದೆನಲ್ಲ, ಬೇಡ, ಇಟ್ಟುಕೋ. ಯಾರಿಗೆ ಬೇಕಾದರೂ ತೋರಿಸು. ಆ ಕಾಗದಕ್ಕೆ ಅವರು ಕೊಟ್ಟ ಸುಳ್ಳು ಹೆಸರು ಹಾಕಿದ್ದೆ. ಇದಕ್ಕೆ ನನ್ನದೇ ಹಾಕುತ್ತಿದ್ದೇನೆ.

ಒಟಿಲಿಯಾ ಬ್ರಾತು